ತಾರಸಿಯ ಮೇಲಿನ ಆರು ಹಸುಗಳು

ನಮ್ಮ ಅತ್ತೆ ತಾರಸಿಯ ಮೇಲೆ ಆರು ಹಸು ಸಾಕಿದ್ದಾರೆ. ನೀವು ನಂಬುವುದಿಲ್ಲವೆಂದು ಗೊತ್ತು. ಮೊದಲು ನಾನೂ ನಂಬಿರಲಿಲ್ಲ. ಆದರೆ ಫೆಬ್ರವರಿ ನಾಲ್ಕರಿಂದ ಮೇ ಮೊದಲ ವಾರದವರೆಗೆ ಪ್ರತಿ ಭಾನುವಾರ ಏಣಿ ಹತ್ತಿ, ಎಣಿಸಿ, ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಒಂದು ಸಲವೂ ಐದಾಗಿಲ್ಲ, ಏಳಾಗಿಲ್ಲ. ಅವು ಹುಲ್ಲು ತಿನ್ನುವುದಿಲ್ಲ, ಸಗಣಿ ಹಾಕುವುದಿಲ್ಲ, ಒದೆಯುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿ ಸಾಲಾಗಿ ಮಲಗಿರುತ್ತವೆ. ಬೆಳಿಗ್ಗೆ ಏಳಕ್ಕೆ ಹಾಲು ಕೊಡಲು ಶುರು ಮಾಡಿದರೆ ಸಂಜೆ ಐದೂವರೆಗೆ ನಿಲ್ಲಿಸುತ್ತವೆ. ಜಗತ್ತು ಅವನ್ನು ಸೋಲಾರ್ ಪ್ಯಾನೆಲ್ ಎನ್ನುತ್ತದೆ. ಜಗತ್ತಿಗೆ ಹಸು ಕರೆದು ಗೊತ್ತಿಲ್ಲ ಎನ್ನುವುದು ಅತ್ತೆಯ ಅಭಿಪ್ರಾಯ.

ಅತ್ತೆಯೆಂದರೆ ನಮ್ಮಪ್ಪನ ಅಕ್ಕ. ಅವರ ಊರು ಟಿ. ನರಸೀಪುರದಿಂದ ಮುಡುಕುತೊರೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಚಾನಲ್ ನೀರಿನ ಗದ್ದೆಗಳು ಹಿತ್ತಿಲವರೆಗೂ ಬಂದು ನಿಂತಿವೆ. ಬೇಸಿಗೆಯಲ್ಲಿ ಆ ಗದ್ದೆಗಳ ಹಬೆಗೆ ಮನುಷ್ಯ ಮಡಕೆಯೊಳಗಿನ ಇಡ್ಲಿಯಂತಾಗುತ್ತಾನೆ. ನಾನು ಇರುವುದು ನಂಜನಗೂಡಿನಲ್ಲಿ. ಅಲ್ಲೊಂದು ಕಾರ್ಖಾನೆಯ ಲ್ಯಾಬಿನಲ್ಲಿ ಗಂಟೆಗೊಮ್ಮೆ ಉಷ್ಣಾಂಶ ಬರೆದಿಡುವ ಕೆಲಸ. ಶನಿವಾರ ಸಂಜೆ ಬಸ್ಸು ಹತ್ತಿ ಅತ್ತೆಯ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ವಾಪಸ್ಸು. ವಾರವಿಡೀ ಅಂಕಿ ಬರೆದವಳು ರಜೆಯಲ್ಲೂ ಅಂಕಿ ಬರೆಯುತ್ತಾಳಲ್ಲ ಎಂದು ಅಮ್ಮ ಚಿಂತೆ ಮಾಡುತ್ತಾರೆ. ಅತ್ತೆಗೆ ಮಾತ್ರ ಅದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ಏಕೆಂದರೆ ಅವರು ಊರಿನ ಹಾಲಿನ ಡೇರಿಯಲ್ಲಿ ಇಪ್ಪತ್ತೆರಡು ವರ್ಷ ಟೆಸ್ಟರ್ ಆಗಿದ್ದವರು. ಬಂದ ಹಾಲನ್ನೆಲ್ಲ ಅಳೆದು, ನೀರು ಬೆರೆತಿದೆಯೇ ಇಲ್ಲವೇ ಎಂದು ತೀರ್ಪು ಕೊಡುವ ಕೆಲಸ. ಆ ಊರಿನ ಮಟ್ಟಿಗೆ ಅದು ಜಡ್ಜ್ ಹುದ್ದೆ.

ಹಾಲು ಅಳೆಯುವ ಆ ಗಾಜಿನ ಕಡ್ಡಿಗೆ ಲ್ಯಾಕ್ಟೋಮೀಟರ್ ಎನ್ನುತ್ತಾರೆ. ಹಾಲಿನಲ್ಲಿ ಬಿಟ್ಟರೆ ಅದು ತೇಲುತ್ತದೆ. ಹಾಲು ಗಟ್ಟಿಯಿದ್ದಷ್ಟೂ ಮೇಲೆ, ನೀರಾಗಿದ್ದಷ್ಟೂ ಕೆಳಗೆ. ಒಳ್ಳೆಯ ಹಾಲಿಗೆ ಅದರ ಅಂಕಿ ಇಪ್ಪತ್ತೆಂಟಾದರೂ ಇರಬೇಕು. ಕೆಲಸ ಬಿಟ್ಟಾಗ ಡೇರಿಯವರು ಅತ್ತೆಗೆ ಶಾಲು ಹೊದಿಸಿದರು. ಅತ್ತೆ ಶಾಲನ್ನು ಮಾವನಿಗೆ ಕೊಟ್ಟು, ಒಂದು ಹಳೇ ಲ್ಯಾಕ್ಟೋಮೀಟರನ್ನು ಕೇಳಿ ಪಡೆದರು. ಅಂದಿನಿಂದ ಅದು ಅವರ ಕೈಚೀಲದಲ್ಲಿ, ಕನ್ನಡಕದ ಪಕ್ಕದಲ್ಲಿ, ಸದಾ ಇರುತ್ತದೆ. ಅಳೆಯದ ಹಾಲನ್ನು ಅವರು ಕುಡಿಯುವುದಿಲ್ಲ. ನಂಟರ ಮನೆಯಲ್ಲಿ ಕುಡಿಯುವುದಿಲ್ಲ, ಆಸ್ಪತ್ರೆಯಲ್ಲಿ ಕುಡಿಯುವುದಿಲ್ಲ. ಒಮ್ಮೆ ನಂಜನಗೂಡಿನ ಛತ್ರದಲ್ಲಿ ನಡೆದ ಮದುವೆಯಲ್ಲಿ ನೇರವಾಗಿ ಅಡುಗೆಮನೆಗೆ ಹೋಗಿ, ಹೆಪ್ಪು ಹಾಕಲು ಇಟ್ಟಿದ್ದ ಕೊಳಗಕ್ಕೆ ಕಡ್ಡಿ ಬಿಟ್ಟು, "ಇಪ್ಪತ್ತೆರಡು" ಎಂದು ಘೋಷಿಸಿದರು. ಅಡುಗೆಯವರಿಗೆ ಅದು ಏನೆಂದು ಅರ್ಥವಾಗಲಿಲ್ಲ. ಗಂಡಿನ ಕಡೆಯ ಒಬ್ಬ ಡೇರಿ ಅಧ್ಯಕ್ಷರಿಗೆ ಅರ್ಥವಾಯಿತು. ಮುಂದಿನ ಪಂಕ್ತಿಯಿಂದ ಮಜ್ಜಿಗೆ ನಿಂತು ಪಾನಕ ಬಂತು. ಪಾನಕದಲ್ಲಿ ನೀರಿರುವುದು ಅಪರಾಧವಲ್ಲವಲ್ಲ.

ಇಂಥವರು ಮಂಡಿನೋವಿನಿಂದಾಗಿ ಕಳೆದ ವರ್ಷ ಮನೆಯ ಕೊನೆಯ ಹಸುವನ್ನೂ ಕೊಟ್ಟುಬಿಟ್ಟರು. ಆಮೇಲೆ ಎರಡು ತಿಂಗಳು ಬೆಳಗಿನ ಐದು ಗಂಟೆಗೆ ಎದ್ದು, ಖಾಲಿ ಕೊಟ್ಟಿಗೆ ಗುಡಿಸಿ, ಏನು ಮಾಡುವುದೆಂದು ತಿಳಿಯದೆ ಮತ್ತೊಮ್ಮೆ ಗುಡಿಸುತ್ತಿದ್ದರಂತೆ. "ನೆಲ ಸವೀತಾ ಅದೆ, ಬುಡು" ಎಂದು ಮಾವನೇ ತಾರಸಿಯ ಮೇಲೆ ಸೋಲಾರ್ ಹಾಕಿಸುವ ಮಾತೆತ್ತಿದ್ದು. ನಂಜನಗೂಡಿನಿಂದ ಬಂದ ಮೇಸ್ತ್ರಿ ಆರು ಪ್ಯಾನೆಲ್ ಜೋಡಿಸಿ, ಕೆಳಗೆ ಪಡಸಾಲೆಯ ಗೋಡೆಗೆ ಇನ್ವರ್ಟರ್ ಎಂಬ ಡಬ್ಬ ಹೊಡೆದು, ಅದರಲ್ಲಿ ಮೂಡುವ ಅಂಕಿಯನ್ನು ತೋರಿಸಿ, "ಅಮ್ಮ, ಈಗ ಎಷ್ಟು ಕರೆಂಟು ಬರ್ತಿದೆ, ಇವತ್ತು ಒಟ್ಟು ಎಷ್ಟು ಬಂತು ಅಂತ ಇದು ಹೇಳುತ್ತೆ" ಎಂದ. ಅತ್ತೆಯ ಕಣ್ಣು ಅಲ್ಲಿ ಅರಳಿದ್ದು. ಅಳೆಯುವಂಥದ್ದು ಮನೆಗೆ ಬಂತಲ್ಲ!

ಮರುದಿನವೇ ಆರಕ್ಕೂ ಹೆಸರಾಯಿತು: ಗೌರಿ, ಕೆಂಪಿ, ಕಪಿಲೆ, ಲಕ್ಷ್ಮಿ, ಬೋಡಿ, ಕಳ್ಳಿ. ಮೂರು ಗಂಟೆಯ ಮೇಲೆ ತೆಂಗಿನ ಮರದ ನೆರಳು ಬಿದ್ದು ಕರೆಂಟು ಕಡಿಮೆ ಕೊಡುವುದು ಆರನೆಯದು. ಹಾಲು ಬಚ್ಚಿಟ್ಟುಕೊಳ್ಳುವ ಹಸುವಿಗೆ ಕಳ್ಳಿ ಎನ್ನದೆ ಇನ್ನೇನು ಎನ್ನಬೇಕು? ಬೆಳಿಗ್ಗೆ ಆರಕ್ಕೆ ಅತ್ತೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಏಣಿ ಹತ್ತಿ, ಬಟ್ಟೆ ಅದ್ದಿ ಆರನ್ನೂ ಮೈ ತೊಳೆಯುತ್ತಾರೆ. ಮೇಸ್ತ್ರಿ ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕೆಂದಿದ್ದ. "ಅವನು ಹದಿನೈದು ದಿನಕ್ಕೊಮ್ಮೆ ಸ್ನಾನ ಮಾಡ್ತಾನೇನೋ" ಎಂದರು ಅತ್ತೆ.

ಈಗ ಗಿಣ್ಣಿನ ಕಥೆಗೆ ಬರುತ್ತೇನೆ. ಹಸು ಕರು ಹಾಕಿದಾಗ ಮೊದಲು ಬರುವ ಹಾಲನ್ನು ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚುವುದು ನಮ್ಮ ಕಡೆಯ ಪದ್ಧತಿ. ಹಂಚದೆ ತಾವೇ ತಿಂದರೆ ಹಸು ಸೊರಗುತ್ತದೆ. ಪಾತ್ರೆ ಪಡೆದವರು ಅದನ್ನು ಬರಿದಾಗಿ ಹಿಂತಿರುಗಿಸುವಂತಿಲ್ಲ. ಒಂದು ಚೂರು ಬೆಲ್ಲವೋ ಒಂದು ಹಿಡಿ ಅಕ್ಕಿಯೋ ಹಾಕಿಯೇ ಕೊಡಬೇಕು. ಫೆಬ್ರವರಿ ನಾಲ್ಕು, ಭಾನುವಾರ, ಪ್ಯಾನೆಲ್‌ಗಳು ಚಾಲೂ ಆದ ದಿನ. ಮನೆಯಲ್ಲಿ ಬಳಸಿ ಉಳಿದ ಕರೆಂಟು ಮೀಟರಿನ ಮೂಲಕ ಬೀದಿಯ ತಂತಿಗೆ ಹೋಗುತ್ತದೆ, ಹತ್ತಿರದ ಮನೆಗಳಲ್ಲೇ ಮೊದಲು ಖರ್ಚಾಗುತ್ತದೆ ಎಂದು ಮೇಸ್ತ್ರಿ ಹೇಳಿದ್ದೇ ತಡ, ಅತ್ತೆ ಎದ್ದು ಫ್ಯಾನು, ಫ್ರಿಜ್ಜು, ಟಿವಿ ಎಲ್ಲವನ್ನೂ ಆರಿಸಿದರು.

"ಯಾಕತ್ತೆ?"

"ಗಿಣ್ಣು ಕಣಮ್ಮಿ. ಮೊದಲನೇ ದಿನದ್ದು ಬೀದಿಗೆ ಹೋಗ್ಬೇಕು."

ಮಾವ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಹೊಸಿಲ ಮೇಲೆ ಕುಳಿತರು. ಸಂಜೆ ಅತ್ತೆ ಒಳ್ಳೆಯ ಸೀರೆ ಉಟ್ಟು ಬೀದಿಗೆ ಹೊರಟರು. ಮನೆಮನೆಯ ಮುಂದೆ ನಿಂತು ಒಂದೇ ಪ್ರಶ್ನೆ: "ನಮ್ಮನೆ ಕರೆಂಟು ಬಂತಾ? ಹೆಂಗಿತ್ತು?"

ಜನ ಒಳ್ಳೆಯವರು. "ಚೆನ್ನಾಗಿತ್ತು ಕಣಕ್ಕ, ಮಿಕ್ಸಿ ಇವತ್ತು ಚಟ್ನಿನ ಬೆಣ್ಣೆ ಮಾಡ್ಬುಡ್ತು" ಎಂದರು ಒಬ್ಬರು. ಇನ್ನೊಬ್ಬರು ಟಿವಿಯಲ್ಲಿ ಹಸಿರು ಬಣ್ಣ ಹೆಚ್ಚು ಹಸಿರಾಗಿತ್ತು ಎಂದರು. ನನ್ನ ಡೈರಿಯ ಲೆಕ್ಕ ಹೀಗಿದೆ: ಮನೆಗಳು ಒಂಬತ್ತು; ಹೊಗಳಿದವರು ಆರು; ಗಮನಿಸಲಿಲ್ಲ ಎಂದವರು ಇಬ್ಬರು; ಕೇಳದೆ ಬಿಟ್ಟ ಮನೆ ಒಂದು.

ಆ ಒಂದು ಎದುರುಮನೆ. ಚಿಕ್ಕತಾಯಮ್ಮನ ಮನೆ.

ಚಿಕ್ಕತಾಯಮ್ಮ ಅತ್ತೆಯ ವಯಸ್ಸಿನವರು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದವರು, ಒಬ್ಬರ ಹೆರಿಗೆಗೆ ಇನ್ನೊಬ್ಬರು ನೀರು ಕಾಯಿಸಿದವರು. ಒಂಬತ್ತು ವರ್ಷದ ಹಿಂದೆ, ಒಂದು ಬೇಸಿಗೆಯ ಬೆಳಿಗ್ಗೆ, ಡೇರಿಯ ಮುಂದೆ ಊರೆಲ್ಲ ಕ್ಯಾನು ಹಿಡಿದು ನಿಂತಿದ್ದಾಗ, ಅತ್ತೆ ಚಿಕ್ಕತಾಯಮ್ಮನ ಹಾಲಿಗೆ ಕಡ್ಡಿ ಬಿಟ್ಟರು. ಕಡ್ಡಿ ಮುಳುಗಿತು. ಗೆಳತಿಯೆಂದು ಬಿಟ್ಟರೆ ಊರು ಏನೆನ್ನುತ್ತದೆ? ಅತ್ತೆ ಎಲ್ಲರಿಗೂ ಕೇಳುವಂತೆ "ನೀರು ಅದೆ" ಎಂದು ಹಾಲು ವಾಪಸ್ಸು ಮಾಡಿದರು. ಚಿಕ್ಕತಾಯಮ್ಮ ಕ್ಯಾನನ್ನು ಅಲ್ಲೇ ಚರಂಡಿಗೆ ಬಗ್ಗಿಸಿ ಹೋದರು. ಆ ದಿನದಿಂದ ಮಾತಿಲ್ಲ. ಅದಕ್ಕೆ ಹಿಂದಿನ ವಾರ ಅತ್ತೆ ಕಳಿಸಿದ್ದ ಗಿಣ್ಣಿನ ಹಿತ್ತಾಳೆ ಪಾತ್ರೆಯೂ ಹಿಂದೆ ಬರಲಿಲ್ಲ. ಬರಿದು ಪಾತ್ರೆ ಕೊಡಬಾರದು. ಆಗದವರ ಪಾತ್ರೆ ತುಂಬಿಸಿ ಕೊಡಲು ಮನಸ್ಸು ಬಾರದು. ಹಾಗಾಗಿ ಅದು ಎದುರುಮನೆಯ ಗೂಡಿನಲ್ಲಿ ಒಂಬತ್ತು ವರ್ಷದಿಂದ ಫಳಫಳ ಹೊಳೆಯುತ್ತ ಕುಳಿತಿದೆ. ಬಾಗಿಲು ತೆರೆದಿದ್ದರೆ ನಮ್ಮ ಜಗುಲಿಗೇ ಕಾಣುತ್ತದೆ. ಅಷ್ಟು ಹೊಳೆಯಬೇಕಾದರೆ ಯಾರೋ ಉಜ್ಜುತ್ತಿರಬೇಕು ಎಂದು ನಾನೊಮ್ಮೆ ಅತ್ತೆಗೆ ಹೇಳಿದೆ. ಅತ್ತೆ ಕೇಳಿಸದವರಂತೆ ಕಾಳು ಆರಿಸಿದರು.

ಗಿಣ್ಣಿನ ಸುದ್ದಿ ಎದುರುಮನೆಗೆ ಮುಟ್ಟಲು ಎಷ್ಟು ಹೊತ್ತು? ಮಾರನೆಯ ದಿನವೇ ಚಿಕ್ಕತಾಯಮ್ಮ ಲೈನ್‌ಮನ್ ಸಿದ್ದನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು. ನಾನು ಬಸ್ಸಿಗೆ ಹೊರಟವಳು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತ ನಿಧಾನ ಮಾಡಿದೆ.

"ಲೇ ಸಿದ್ದ, ಆ ಮನೆ ಕರೆಂಟು ನಮ್ಮನೆಗೆ ಬರ್ದಂಗೆ ಏನಾರ ಮಾಡ್ಲಾ."

"ಅಮ್ಮೋ, ಕರೆಂಟೇನು ಎಮ್ಮೆನಾ, ಕಿವಿಗೆ ಗುರ್ತು ಆಕಕ್ಕೆ? ತಂತೀಲಿ ಎಲ್ಲಾ ಒಂದೇಯ."

"ಒಂದೇ ಎಂಗಾದದು? ಅವ್ರ ಬಾವಿ ನೀರೇ ಬ್ಯಾರೆ, ನಮ್ಮ ಬಾವಿ ನೀರೇ ಬ್ಯಾರೆ."

"ಎರಡೂ ಚಾನಲ್‌ಗೆ ಬಿದ್ಮೇಲೆ ಬ್ಯಾರೆ ಮಾಡು ನೋಡವ."

ಚಿಕ್ಕತಾಯಮ್ಮ ಯೋಚಿಸಿದರು. ಒಳಗೆ ಹೋದರು. ಟಕ್ ಎಂದು ಮೈನ್ ಸ್ವಿಚ್ ಬಿದ್ದ ಸದ್ದು ಬೀದಿಗೇ ಕೇಳಿತು. ಅಂದಿನಿಂದ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಅಂದರೆ ನಮ್ಮ ಹಸುಗಳು ಹೆಚ್ಚು ಕರೆಯುವ ಹೊತ್ತಿನಲ್ಲಿ, ಎದುರುಮನೆಯ ಮೈನ್ ಆಫ್. ಅವರು ಮನೆ ಮುಂದಿನ ಹೊಂಗೆ ಮರದ ಕೆಳಗೆ ಚಾಪೆ ಹಾಕಿ ಬೀಸಣಿಗೆ ಬೀಸಿಕೊಂಡು ಕೂರುತ್ತಿದ್ದರು.

ಇತ್ತ ಅತ್ತೆಯೂ ಗಿಣ್ಣನ್ನು ಒಂದು ದಿನಕ್ಕೆ ನಿಲ್ಲಿಸಲಿಲ್ಲ. ಹನ್ನೊಂದರಿಂದ ಮೂರರವರೆಗೆ ನಮ್ಮ ಮನೆಯಲ್ಲೂ ಫ್ಯಾನ್ ಇಲ್ಲ. ಏಕೆಂದು ಕೇಳಿದರೆ, "ಹಸುಗಳಿಗೆ ರೂಢಿಯಾಗ್ಲಿ" ಎಂಬ ಉತ್ತರ. ಕರೆಂಟು ಹೊರಗೆ ಹೋಗುವುದನ್ನು ಹಸುಗಳಿಗೇಕೆ ರೂಢಿ ಮಾಡಿಸಬೇಕು? ಕುತೂಹಲ ತಾಳದೆ ಮಾವನನ್ನು ಕೇಳಿದೆ.

"ಎದುರುಮನೆ ಫ್ಯಾನ್ ತಿರುಗ್ಲಿ ಅಂತ ನಿಮ್ಮತ್ತೆ ನಮ್ಮನೆ ಫ್ಯಾನ್ ನಿಲ್ಸವ್ಳೆ. ಇವ್ಳ ಕರೆಂಟಲ್ಲಿ ತಿರುಗೋದು ಬ್ಯಾಡ ಅಂತ ಅವ್ಳು ಮೈನೇ ಆಫ್ ಮಾಡವ್ಳೆ" ಎಂದರು ಮಾವ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ. "ಇಬ್ರ ನಡುವೆ ಬೇಯ್ತಿರೋನು ನಾನೊಬ್ನೇ. ಬರ್ಕೊ, ಅದನ್ನೂ ಬರ್ಕೊ."

ಬರೆದುಕೊಂಡೆ.

ಮಾರ್ಚ್ ಹತ್ತರಂದು ಇನ್ನೊಂದು ವಿಚಿತ್ರ ನಡೆಯಿತು. ನೆತ್ತಿ ಸುಡುವ ಬಿಸಿಲು, ಆದರೆ ಊರಿನ ಕರೆಂಟು ಹೋಯಿತು. ನಮಗೇನು, ತಾರಸಿಯ ಮೇಲೆ ಹಟ್ಟಿ ತುಂಬ ಹಸುವಿದೆ ಎಂದು ಮಾವ ಖುಷಿಯಿಂದ ಫ್ಯಾನ್ ಸ್ವಿಚ್ ಒತ್ತಿದರು. ತಿರುಗಲಿಲ್ಲ. ಡಬ್ಬದ ಅಂಕಿ ಸೊನ್ನೆ. ಮೇಸ್ತ್ರಿಗೆ ಫೋನ್ ಮಾಡಿದರೆ, ಬೀದಿಯ ತಂತಿ ಸತ್ತಾಗ ಈ ಡಬ್ಬವೂ ತಾನಾಗಿ ನಿಂತುಬಿಡುತ್ತದೆ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೆಯುತ್ತದೆ ಎಂದ. ಮಾವ ಮುಖ ಸಪ್ಪೆ ಮಾಡಿಕೊಂಡರು. ಅತ್ತೆಗೆ ಮಾತ್ರ ಹೆಮ್ಮೆ. "ಊರು ಉಪವಾಸ ಇದ್ದಾಗ ತಾನೂ ಉಣ್ಣಲ್ಲ. ಎಂಥಾ ಜಾತಿ ಹಸು!" ಎಂದು ಮೇಲೆ ಹೋಗಿ ಗೌರಿಯ ಬೆನ್ನು ಸವರಿ, ಅಂಗೈ ಸುಟ್ಟುಕೊಂಡು ಬಂದರು.

ಲಾಭವೇ ಇರಲಿಲ್ಲವೆಂದಲ್ಲ. ಒಂದು ಭಾನುವಾರ ಲ್ಯಾಬಿನ ಅಭ್ಯಾಸದಂತೆ ಎರಡು ಕೋಣೆಗಳಲ್ಲಿ ಗೋಡೆಯ ಉಷ್ಣಮಾಪಕ ತೂಗುಹಾಕಿ ನೋಡಿದೆ. ಪ್ಯಾನೆಲ್‌ಗಳ ಕೆಳಗಿನ ಕೋಣೆ ಮೂರು ಡಿಗ್ರಿ ತಂಪಾಗಿತ್ತು. ತಾರಸಿಗೆ ನೆರಳಾಯಿತಲ್ಲ! ಮಾವ ಅಂದೇ ಮಂಚವನ್ನು ಆ ಕೋಣೆಗೆ ಎಳೆದುಕೊಂಡರು. "ಹಾಲು ಬೀದಿಗೆ ಹೋಗ್ಲಿ, ನೆರಳು ನಂಗಿರ್ಲಿ" ಎಂದರು.

ಏಪ್ರಿಲ್ ಬಂತು. ಗದ್ದೆಯ ಹಬೆ, ಎಲೆ ಅಲುಗದ ಗಾಳಿ, ಉಪ್ಪು ಡಬ್ಬಿಯಲ್ಲೇ ನೀರಾಗುವ ಸೆಕೆ. ಬಿಸಿಲಂತೂ ಕಣ್ಣು ಬಿಡಲಾಗದಷ್ಟು. ಇನ್ನು ಹಸುಗಳು ಹೊಳೆಯಂತೆ ಕರೆಯುತ್ತವೆ ಎಂದು ಅತ್ತೆ ಕಾದರು. ಆದರೆ ನನ್ನ ಡೈರಿ ಬೇರೆ ಹೇಳಿತು. ಫೆಬ್ರವರಿ ಹನ್ನೊಂದು, ಮಧ್ಯಾಹ್ನ ಹನ್ನೆರಡೂವರೆ, ತಣ್ಣಗೆ ಗಾಳಿ: ಡಬ್ಬದಲ್ಲಿ 2.5 ಕಿಲೋವ್ಯಾಟ್. ಏಪ್ರಿಲ್ ಹದಿನಾಲ್ಕು, ಅದೇ ಹೊತ್ತು, ಕೆಂಡದ ಬಿಸಿಲು: 2.2. ಬಿಸಿಲು ಹೆಚ್ಚಿದಾಗ ಹಾಲು ಇಳಿಯುವುದೇ?

ಅತ್ತೆಯೊಳಗಿನ ಟೆಸ್ಟರ್ ಎದ್ದು ಕುಳಿತರು. "ಎಲ್ಲೋ ನೀರು ಬೆರೀತಾ ಅದೆ."

ತನಿಖೆ ಶುರುವಾಯಿತು. ಮೊದಲ ಆರೋಪಿ ಕಾಗೆ. ಪ್ಯಾನೆಲ್ ಮೇಲೆ ಕೂರುತ್ತಿತ್ತು. ಎರಡು ದಿನ ಹಳೇ ಛತ್ರಿ ಹಿಡಿದು ಕಾದರೂ ಅಂಕಿ ಏರಲಿಲ್ಲ. ಎರಡನೆಯ ಆರೋಪಿ ಧೂಳು. ದಿನಕ್ಕೆ ಎರಡು ಸಲ ಮೈ ತೊಳೆದರು. ಮೂರನೆಯ ಆರೋಪಿ ಲೈನ್‌ಮನ್ ಸಿದ್ದ. "ಮಧ್ಯದಾರೀಲಿ ಕುಡೀತಾನಾ?" ಎಂದು ಅತ್ತೆ ಕೇಳಿದ ರೀತಿಗೆ ಸಿದ್ದ ಒಂದು ವಾರ ಆ ಬೀದಿಗೆ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಸೆಕೆಗೆ ಎಮ್ಮೆಗೆ ನೀರು ಎರಚುವ ನೆನಪಾಗಿ, ಅತ್ತೆ ಎರಡು ಬಿಂದಿಗೆ ನೀರು ಮೇಲೆ ಹೊತ್ತು ಆರರ ಮೇಲೂ ಸುರಿದರು. ಕೆಳಗೆ ಡಬ್ಬದ ಮುಂದೆ ನಾನು. 2.2 ಇದ್ದದ್ದು 2.3 ಆಯಿತು. 2.4 ಆಯಿತು. ಹತ್ತು ನಿಮಿಷ ನಿಂತು ಮತ್ತೆ ಇಳಿಯಿತು.

"ಅತ್ತೆ, ಜಾಸ್ತಿಯಾಯ್ತು!"

"ನೀರು ಹಾಕಿದ್ರೆ ಜಾಸ್ತಿನಾ?" ಅತ್ತೆ ಏಣಿಯ ಮೇಲೇ ನಿಂತುಬಿಟ್ಟರು. ಇಪ್ಪತ್ತೆರಡು ವರ್ಷದ ವಿದ್ಯೆಗೆ ವಿರುದ್ಧವಾದ ಮಾತು ಅದು.

ಆ ಸಂಭ್ರಮ ಹೆಚ್ಚು ಹೊತ್ತು ಉಳಿಯಲಿಲ್ಲ. ಅದೇ ದಿನ, ಏಪ್ರಿಲ್ ಇಪ್ಪತ್ತೊಂದು, ಎರಡು ಗಂಟೆಯ ಹೊತ್ತಿಗೆ ಎದುರುಮನೆಯ ಸೊಸೆ ಕೂಗಿಕೊಂಡಳು. ಹೊಂಗೆ ಮರದ ಕೆಳಗೆ ಚಿಕ್ಕತಾಯಮ್ಮ ತಲೆ ಸುತ್ತಿ ಚಾಪೆಯ ಮೇಲೆ ವಾಲಿದ್ದರು. ನಾನು ಓಡಿದೆ. ಅತ್ತೆ ನಮ್ಮ ಮೆಟ್ಟಿಲವರೆಗೆ ಓಡಿ, ಅಲ್ಲೇ ಕಂಬ ಹಿಡಿದು ನಿಂತರು. ಚಿಕ್ಕತಾಯಮ್ಮನನ್ನು ಒಳಗೆ ಮಲಗಿಸಿ, ಸೊಸೆ ಮೈನ್ ಹಾಕಲು ಹೋದರೆ ಮಲಗಿದ್ದವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಬ್ಯಾಡ ಕಣಮ್ಮಿ. ನಾಕು ಗಂಟೆ ಆಗ್ಲಿ. ನೀರು ಬೆರ್ಸವ್ಳೆ ಅಂದೋಳ ಗಾಳಿ ನಂಗೆ ಬ್ಯಾಡ."

ವಾಪಸ್ಸು ಬಂದಾಗ ಅತ್ತೆ ಇನ್ನೂ ಕಂಬ ಹಿಡಿದೇ ಇದ್ದರು. "ಏನಂದ್ಲು?"

ಸುಳ್ಳು ಹೇಳಲು ನನಗೆ ಬರುವುದಿಲ್ಲ; ಅಂಕಿ ಬರೆಯುವವರ ರೋಗ ಅದು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ಒಳಗೆ ಹೋದರು. ಅಂದು ಸಂಜೆ ಡಬ್ಬದ ಲೆಕ್ಕ ನೋಡಲಿಲ್ಲ.

ಆ ವಾರ ನಂಜನಗೂಡಿನಲ್ಲಿ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ ನನ್ನ ಡೈರಿ ತೋರಿಸಿದೆ. ಮೊದಲು ಅವನು ಬೈದ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಸೀಳುತ್ತದೆಯಂತೆ. ಆಮೇಲೆ ನಕ್ಕು ಬಿಡಿಸಿ ಹೇಳಿದ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಕಾವಲ್ಲ. ಮೈ ಕಾದಷ್ಟೂ ಅದು ಕಡಿಮೆ ಕೊಡುತ್ತದೆ. ನಮ್ಮಂಥ ಕಡೆ, ಗಾಳಿಯಾಡದ ಬೇಸಿಗೆಯಲ್ಲಿ, ಹೀಗೆ ಆಗಿಯೇ ಆಗುತ್ತದೆ.

ಏಪ್ರಿಲ್ ಇಪ್ಪತ್ತೇಳು, ಶನಿವಾರ ಸಂಜೆ, ಜಗುಲಿಯ ಮೇಲೆ ಕುಳಿತು ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಅಲಸಂದೆಕಾಯಿ ಸುಲಿಯುತ್ತಿದ್ದರು.

"ಹಂಗಾದ್ರೆ ನೀರು ಬೆರೆತಿಲ್ಲ?"

"ಇಲ್ಲ ಅತ್ತೆ. ಬಿಸಿಲೂ ಸರಿ, ಹಸುಗಳೂ ಸರಿ. ಬಿಸಿಯಾಗಿದ್ದಾಗ ಅಳೆದ್ವಿ, ಕಡಿಮೆ ತೋರಿಸ್ತು. ಅಷ್ಟೇ."

ಅತ್ತೆಯ ಕೈ ನಿಂತಿತು. ಸುಲಿದ ಕಾಳು ಬೆರಳ ನಡುವೆಯೇ ಉಳಿಯಿತು. ಎದುರುಮನೆಯ ಗೂಡಿನ ಕಡೆ ನೋಡಿದರು. ಆಮೇಲೆ ತಮ್ಮ ಅಂಗೈಯನ್ನು ತಾವೇ ನೋಡಿಕೊಂಡು ಹೇಳಿದರು: "ಆವತ್ತು ಕ್ಯಾನು ಬೆಚ್ಚಗಿತ್ತು."

"ಯಾವ ಕ್ಯಾನು?"

ಅವರು ಹೇಳಿದ್ದನ್ನು ಆ ರಾತ್ರಿಯೇ ಬರೆದಿಟ್ಟುಕೊಂಡೆ. ಡೇರಿಗೂ ಚಿಕ್ಕತಾಯಮ್ಮನ ಕೊಟ್ಟಿಗೆಗೂ ನಡುವೆ ಇರುವುದು ಒಂದೇ ಗೋಡೆ. ಹತ್ತಿರವೆಂದು ಅವರು ದಿನಾ ಎಲ್ಲರಿಗಿಂತ ಕೊನೆಗೆ, ಹಾಲು ಆರಿದ ಮೇಲೆ ನಿಧಾನವಾಗಿ ಬರುತ್ತಿದ್ದರು. ಆ ದಿನ ತಗಡೂರಿನಲ್ಲಿ ನಂಟರ ಮದುವೆ, ಬಸ್ಸಿಗೆ ಅವಸರ. ಕರೆದ ಹಾಲನ್ನು ಕೆಚ್ಚಲಿನ ಬಿಸಿಯಲ್ಲೇ ತಂದು ಎಲ್ಲರಿಗಿಂತ ಮೊದಲು ನಿಂತರು. ಬಿಸಿ ಹಾಲು ತೆಳುವಾಗಿರುತ್ತದೆ, ಕಡ್ಡಿ ಮುಳುಗುತ್ತದೆ, ಥರ್ಮಾಮೀಟರಿನಲ್ಲಿ ಕಾವು ನೋಡಿ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು ಎಂದು ತರಬೇತಿಯ ಮೊದಲನೆಯ ದಿನವೇ ಹೇಳಿಕೊಟ್ಟಿದ್ದರು. ಆ ವಾರ ಡೇರಿಯ ಥರ್ಮಾಮೀಟರು ಒಡೆದಿತ್ತು. ಉಳಿದವರ ಹಾಲು ದೂರದಿಂದ ಬರುವಷ್ಟರಲ್ಲಿ ಆರಿರುತ್ತಿದ್ದರಿಂದ ಅದಿಲ್ಲದೆ ಯಾರ ಅಳತೆಯೂ ಕೆಟ್ಟಿರಲಿಲ್ಲ.

"ಮನೆ ಹತ್ರ ಇದ್ದಿದ್ದೇ ಅವಳ ತಪ್ಪು" ಎಂದರು ಅತ್ತೆ.

ಆದರೂ ಅಳೆಯದೆ ಒಪ್ಪುವವರಲ್ಲ. ಭಾನುವಾರ ಬೆಳಿಗ್ಗೆ ಮೂಲೆಮನೆಯಲ್ಲಿ ಆಗಷ್ಟೇ ಕರೆದ ಹಾಲು ತರಿಸಿ, ಕಡ್ಡಿ ಬಿಟ್ಟರು. ಇಪ್ಪತ್ತಾರು. ಲೋಟವನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಕಾದೆವು. ಮಾವ ಕೂಡ ಮಂಚ ಬಿಟ್ಟು ಬಂದು ಕುಕ್ಕರುಗಾಲಲ್ಲಿ ಕುಳಿತರು. ಮುಕ್ಕಾಲು ಗಂಟೆಯ ಮೇಲೆ ಮತ್ತೆ ಬಿಟ್ಟರು. ಇಪ್ಪತ್ತೊಂಬತ್ತು.

"ಹಾಲು ಅದೇ, ಲೋಟ ಅದೇ" ಎಂದರು ಅತ್ತೆ.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿದೆ. ಕೆಲಸಕ್ಕೆ ಸೇರಿದ ಮೇಲೆ ಅದು ನನ್ನ ಎರಡನೆಯ ರಜೆ. ಬೆಳಿಗ್ಗೆ ಆರೂವರೆಗೆ ಡೇರಿಯ ಮುಂದೆ ಹತ್ತೊಂಬತ್ತು ಕ್ಯಾನುಗಳ ಸಾಲು, ಕೊನೆಯಲ್ಲಿ ಚಿಕ್ಕತಾಯಮ್ಮ. ಒಂದು ಮಾತನ್ನು ಹತ್ತು ಜನರ ಮುಂದೆ ಆಡಿದವರು ಅದನ್ನು ಹಿಂತೆಗೆದುಕೊಳ್ಳುವುದೂ ಹತ್ತು ಜನರ ಮುಂದೆಯೇ ಎಂದು ಅತ್ತೆ ರಾತ್ರಿಯೇ ತೀರ್ಮಾನಿಸಿದ್ದರು. ಸಾಲಿನ ಮುಂದೆ ನಿಂತು, ಕೈಚೀಲದಿಂದ ಲ್ಯಾಕ್ಟೋಮೀಟರ್ ತೆಗೆದು ಹಿಡಿದುಕೊಂಡರು.

"ಒಂಬತ್ತು ವರ್ಷದ ಕೆಳಗೆ ಇದೇ ಜಾಗದಲ್ಲಿ ಚಿಕ್ಕತಾಯಿ ಹಾಲಿಗೆ ನೀರು ಅದೆ ಅಂದಿದ್ದೆ. ನೀರು ಇರ್ಲಿಲ್ಲ. ಬಿಸಿ ಹಾಲು ಅಳೆದೆ, ಕಾವು ನೋಡ್ಲಿಲ್ಲ. ತಪ್ಪು ಹಾಲಿಂದಲ್ಲ, ಟೆಸ್ಟರ್‌ದು."

ಸಾಲಿನಲ್ಲಿ ಒಂದು ಕ್ಯಾನಿನ ಮುಚ್ಚಳ ಕೆಳಗೆ ಬಿದ್ದು ಉರುಳಿತು. ಯಾರೂ ಎತ್ತಿಕೊಳ್ಳಲಿಲ್ಲ. ಚಿಕ್ಕತಾಯಮ್ಮ ಅತ್ತೆಯನ್ನು ನೋಡಲಿಲ್ಲ. ತಮ್ಮ ಸರದಿ ಬಂದಾಗ ಹಾಲು ಸುರಿದರು, ಅದರಲ್ಲಿ ಒಂದು ಲೀಟರಿನಷ್ಟು ಮಾತ್ರ ಉಳಿಸಿಕೊಂಡು ಕ್ಯಾನಿನ ಬಾಯಿ ಮುಚ್ಚಿ, ನಡೆದುಬಿಟ್ಟರು.

ಅತ್ತೆ ಮನೆಗೆ ಬಂದು ಏಣಿ ಹತ್ತಿ ಹಸುಗಳ ಮೈ ತೊಳೆದರು. ಹತ್ತು ಗಂಟೆಗೆ ಎದುರುಮನೆಯ ಮೈನ್ ಬೀಳುವ ಸದ್ದಿಗೆ ನಾವು ಮೂವರೂ ಕಿವಿಗೊಟ್ಟೆವು. ಹತ್ತು ಗಂಟೆ ಐದು ನಿಮಿಷ. ಹತ್ತು ಹತ್ತು. ಸದ್ದು ಬರಲಿಲ್ಲ. ಹನ್ನೊಂದಕ್ಕೆ ಅತ್ತೆ ಎಂದಿನಂತೆ ನಮ್ಮ ಫ್ಯಾನ್ ಆರಿಸಲು ಎದ್ದರು. ಸ್ವಿಚ್ಚಿನ ಮೇಲೆ ಬೆರಳಿಟ್ಟಾಗ ಬಾಗಿಲಲ್ಲಿ ನೆರಳು.

ಚಿಕ್ಕತಾಯಮ್ಮ ಒಳಗೆ ಬಂದು, ಹಿತ್ತಾಳೆ ಪಾತ್ರೆಯನ್ನು ಅತ್ತೆಯ ಮುಂದೆ ಇಟ್ಟು, ಮುಚ್ಚಳ ತೆಗೆದರು. ತುಂಬ ಹಾಲು. ಕಾಯಿಸಿದ್ದು, ಮೇಲೆ ಹಬೆ.

"ತಕ್ಕೊ" ಎಂದರು. "ಆರಿದ್ಮೇಲೆ ಅಳೆ."

ಮತ್ತೆ, ಒಂಬತ್ತು ವರ್ಷದಿಂದ ಅಲ್ಲಿಂದ ಎದ್ದು ಹೋಗಿಯೇ ಇರಲಿಲ್ಲವೇನೋ ಎಂಬಂತೆ, ಫ್ಯಾನಿನ ನೇರ ಕೆಳಗೆ ಗೋಡೆಗೊರಗಿ ಕಾಲು ಚಾಚಿ ಕುಳಿತು, ತಲೆ ಎತ್ತಿ ನೋಡಿದರು. "ಇದನ್ಯಾಕೆ ಇಷ್ಟು ಮೆಲ್ಲಗೆ ಬುಟ್ಟಿದೀಯೆ? ಆರು ಅಸ ಕಟ್ಟಿದ್ದೀನಿ ಅಂತ ಊರೆಲ್ಲ ಸಾರ್ಕೊಂಡು ಬಂದೆಯಲ್ಲ, ಜೋರಾಗಿ ತಿರುಗ್ಸು."

ಅತ್ತೆ ಜೋರಾಗಿ ತಿರುಗಿಸಿದರು. ಹಿಂದಿನ ಕೋಣೆಯಿಂದ ಮಾವನ ನೆಮ್ಮದಿಯ ಉಸಿರು ಕೇಳಿಸಿತು.

ಸಂಜೆಯ ಲೆಕ್ಕ ಬರೆಯಲು ಅಂದು ನಾನು ಅಲ್ಲಿರಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಆದ್ದರಿಂದ ಏಪ್ರಿಲ್ ಇಪ್ಪತ್ತೊಂಬತ್ತರ ಪುಟದಲ್ಲಿ ಬೀದಿಗೆ ಎಷ್ಟು ಹೋಯಿತು, ಮನೆಯಲ್ಲಿ ಎಷ್ಟು ಉಳಿಯಿತು ಎಂಬ ಎರಡೂ ಕಾಲಂ ಖಾಲಿ. ಒಂದೇ ಒಂದು ಸಾಲು ಇದೆ. ಲ್ಯಾಕ್ಟೋಮೀಟರ್ ಕೈಗೆಟಕುವಷ್ಟು ಹತ್ತಿರದಲ್ಲಿ, ಕೈಚೀಲದ ಬಾಯಲ್ಲೇ ಇತ್ತು. ಅತ್ತೆ ಅದರ ಕಡೆ ಕೈ ಚಾಚಲಿಲ್ಲ. ಎರಡೂ ಕೈಯಲ್ಲಿ ಪಾತ್ರೆ ಎತ್ತಿ, ಬಿಸಿ ಬಿಸಿಯಾಗಿಯೇ, ತುಟಿ ಸುಟ್ಟುಕೊಳ್ಳುತ್ತ, ಅಳೆಯದೆ ಕುಡಿದರು.